ಕರುವಿನ ಕೆನ್ನೆಗೊಂದು ಕಾಡಿಗೆ ಬೊಟ್ಟು

ಚಾಮರಾಜಪೇಟೆಯಲ್ಲಿ ಕರುವಿನ ಮುಂದೆ ಮಂಡಿಯೂರಿ ಕೂತು, "ಗದ್ದ ಸ್ವಲ್ಪ ಕೆಳಗೆ ಮಾಡು ಪುಟ್ಟಾ, ಎರಡೂ ಕಿವಿ ಕಾಣ್ಬೇಕು" ಎಂದು ಹೇಳುವವರು ಒಬ್ಬರೇ ಇದ್ದಾರೆ. ಅವರು ನಮ್ಮ ದೊಡ್ಡಮ್ಮ. ಇದರಲ್ಲಿ ಆಶ್ಚರ್ಯವೇನಿಲ್ಲ, ದನಕರುಗಳ ಜೊತೆ ಮಾತಾಡುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಆಶ್ಚರ್ಯವೆಂದರೆ ಕರು ಗದ್ದ ಕೆಳಗೆ ಮಾಡುತ್ತದೆ!

ನಾನು ಸುಳ್ಳು ಸೇರಿಸಿ ಹೇಳುವವಳಲ್ಲ. ಓಕಳಿಪುರದ ಒಂದು ಕಚೇರಿಯಲ್ಲಿ ಕಡತಗಳಿಗೆ ನಂಬರು ಹಾಕುವುದು ನನ್ನ ಕೆಲಸ. ಎಂಟನೇ ಕ್ಲಾಸಿನಿಂದ ದಿನಚರಿ ಬರೆಯುವುದು ನನ್ನ ಚಟ. ಯಾವ ದಿನ ಏನಾಯಿತು, ಎಷ್ಟು ಸಲ ಆಯಿತು ಎಂದು ಬರೆದಿಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕರು ಗದ್ದ ಇಳಿಸಿದ್ದು ಫೆಬ್ರವರಿ ಹದಿನಾರರಂದು, ಬೆಳಿಗ್ಗೆ ಏಳು ಇಪ್ಪತ್ತಕ್ಕೆ. ಹತ್ತು ಸಲ ಹೇಳಿದ್ದಕ್ಕೆ ನಾಲ್ಕು ಸಲ ಇಳಿಸಿತು. ನಮ್ಮ ಮನೆಯಲ್ಲಿ ದೊಡ್ಡಮ್ಮನ ಮಾತನ್ನು ಇಷ್ಟರ ಮಟ್ಟಿಗೆ ಯಾರಾದರೂ ಕೇಳಿದ ದಾಖಲೆ ನನ್ನ ಹನ್ನೆರಡು ದಿನಚರಿಗಳಲ್ಲಿ ಎಲ್ಲೂ ಇಲ್ಲ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಅವರ ಮನೆ ಚಾಮರಾಜಪೇಟೆ, ನಮ್ಮ ಮನೆಯಿಂದ ಮೆಟ್ರೋ ಹತ್ತಿ ಹೋಗಬೇಕು. ಮೂವತ್ತೊಂದು ವರ್ಷ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದವರು. ಅರ್ಧ ಚಾಮರಾಜಪೇಟೆ ಅವರ ಮುಂದೆ ಸ್ಟೂಲಿನ ಮೇಲೆ ಕೂತು ಬೈಸಿಕೊಂಡಿದೆ. ಸ್ಟುಡಿಯೋ ಬಾಗಿಲು ಹಾಕಿದ ದಿನ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುತ್ತಾ ಘೋಷಣೆ ಮಾಡಿದರು: "ಸಾಕಮ್ಮಾ ಮನುಷ್ಯರ ಮುಖ! ನಗಬೇಡಿ ಅಂದ್ರೆ ನಗ್ತಾರೆ, ನಗಿ ಅಂದ್ರೆ ಅಳೋ ಹಾಗೆ ಮಾಡ್ತಾರೆ. ಇನ್ಮೇಲೆ ನಂದು ಮರಿಗಳ ಫೋಟೋ ಮಾತ್ರ."

ಎಲ್ಲರೂ ತಮಾಷೆ ಅಂದುಕೊಂಡೆವು. ಆದರೆ ಮಲ್ಲೇಶ್ವರದ ಒಂದು ಪುಟ್ಟ ಪ್ರಕಾಶನದವರು ಹಾಗೆ ಅಂದುಕೊಳ್ಳಲಿಲ್ಲ. ಎಳೆಯ ಮಕ್ಕಳಿಗೆ ಚಿತ್ರಪುಸ್ತಕ ಮಾಡುವವರು ಅವರು. ಪುಟಕ್ಕೊಂದು ಮರಿ, ಕೆಳಗೆ ಒಂದೇ ಸಾಲು. ಪುಸ್ತಕದ ಹೆಸರು 'ಹನ್ನೆರಡು ಮರಿಗಳು'. ಸೆಪ್ಟೆಂಬರ್ ಮುಗಿಯುವುದರೊಳಗೆ ಹನ್ನೆರಡೂ ಫೋಟೋ ಕೊಡಬೇಕು, ಮಕ್ಕಳ ದಿನಾಚರಣೆಗೆ ಪುಸ್ತಕ ಬರಬೇಕು. ದೊಡ್ಡಮ್ಮ ಒಪ್ಪಿಕೊಂಡರು. ಜೊತೆಗೆ, ನನ್ನನ್ನು ಒಂದು ಮಾತೂ ಕೇಳದೆ, ಭಾನುವಾರಗಳಂದು ಚೀಲ ಹೊರಲು ನಾನು ಬರುತ್ತೇನೆಂದೂ ಒಪ್ಪಿಕೊಂಡರು. ನಾನು ಚೀಲದ ಜೊತೆ ನನ್ನ ಲೆಕ್ಕದ ಪುಸ್ತಕವನ್ನೂ ಹೊತ್ತೆ.

ಪಾಸ್‌ಪೋರ್ಟ್ ಫೋಟೋ ತೆಗೆದ ಕೈ ಅಷ್ಟು ಸುಲಭಕ್ಕೆ ಬದಲಾಗುತ್ತದೆಯೇ? ಮೊದಲ ಫೋಟೋಗೆ ಕರುವಿನ ಹಿಂದೆ ಬಿಳಿ ಪಂಚೆ ಹಿಡಿಯಬೇಕೆಂದರು. ಒಂದು ತುದಿ ನಾನು, ಇನ್ನೊಂದು ತುದಿ ಹಸು ಸಾಕಿದ ಯಜಮಾನರು ಹಿಡಿದೆವು. ಫೋಟೋ ನೋಡಿದರೆ ಕರು ದುಬೈಗೆ ಕೆಲಸಕ್ಕೆ ಹೊರಟ ಹಾಗಿತ್ತು! ಹನ್ನೆರಡನೇ ಕ್ಲಿಕ್ಕಿಗೆ ಕರು ಹಿಂದಕ್ಕೆ ತಿರುಗಿ ಪಂಚೆಯನ್ನೇ ಮೇಯತೊಡಗಿತು. ಯಜಮಾನರು ತಮ್ಮ ತುದಿ ಬಿಟ್ಟು, "ಅಮ್ಮಾವ್ರೆ, ಅದು ನನ್ನ ಮದುವೆ ಪಂಚೆ" ಎಂದು ಕೂಗಿದರು. ದೊಡ್ಡಮ್ಮ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಸುಮ್ನಿರಿ, ಈಗ ಕಿವಿ ಎರಡೂ ಚೆನ್ನಾಗಿ ಬರ್ತಿದೆ" ಎಂದರು. ಪಂಚೆ ಬಾಯಲ್ಲಿರುವ ಆ ಫೋಟೋವೇ ಪುಸ್ತಕದ ಮೊದಲ ಪುಟಕ್ಕೆ ಆಯ್ಕೆಯಾಯಿತು. ಅಂದಿನಿಂದ ಬಿಳಿ ಬಟ್ಟೆ ಹೋಯಿತು. ಕಿವಿಯ ನಿಯಮ ಮಾತ್ರ ಉಳಿಯಿತು. ಬಸವನಗುಡಿಯ ಒಂದು ಮನೆಯಲ್ಲಿ ಮೊಲದ ಮರಿಯ ಒಂದು ಕಿವಿ ನೆಟ್ಟಗೆ ನಿಲ್ಲಲಿಲ್ಲವೆಂದು ಒಂದು ಗಂಟೆ ಹತ್ತು ನಿಮಿಷ ಕಾದೆವು.

"ಒಂದು ಕಿವಿ ಬಿದ್ದಿದ್ರೆ ಏನಾಗತ್ತೆ ದೊಡ್ಡಮ್ಮ?"

"ಅರ್ಜಿ ವಾಪಸ್ ಬರತ್ತೆ."

"ಯಾವ ಅರ್ಜಿ?"

ದೊಡ್ಡಮ್ಮ ಮತ್ತೆ ಮೊಲದ ಕಡೆ ತಿರುಗಿದರು. "ನಿಂಗೆ ಎಲ್ಲಾ ಬಿಡಿಸಿ ಹೇಳ್ಬೇಕು" ಎಂದು ಗದರಿದರು.

ಇನ್ನೊಂದು ನಿಯಮವಿತ್ತು. ಮರಿಯ ಫೋಟೋ ತೆಗೆಯುವ ಮೊದಲು ತಾಯಿಯ ಒಪ್ಪಿಗೆ ಕೇಳಬೇಕು. ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದು. "ಬಾಣಂತಿ ನೋಡೋಕೆ ಯಾರಾದ್ರೂ ಕೈ ಬೀಸ್ಕೊಂಡು ಹೋಗ್ತಾರೇನೆ?" ಹಸುವಿಗೆ ಬೆಲ್ಲದಚ್ಚು, ಬೀದಿ ನಾಯಿಗೆ ಬೇಕರಿ ಬನ್ನು, ಮೇಕೆಗೆ ಹಲಸಿನ ಸೊಪ್ಪು. ಉಡುಗೊರೆ ಕೊಟ್ಟು ಎದುರಿಗೆ ಕೂತು, "ಹೆರಿಗೆ ಸುಸೂತ್ರ ಆಯ್ತಾ? ಹಾಲು ಸಾಕಾಗತ್ತಾ?" ಎಂದು ಕುಶಲ ವಿಚಾರಿಸುತ್ತಿದ್ದರು. ಓಕಳಿಪುರದಲ್ಲಿ ಒಂದು ಮೇಕೆ ಸೊಪ್ಪೆಲ್ಲ ತಿಂದು ಮುಖ ತಿರುಗಿಸಿಕೊಂಡಿತು. ದೊಡ್ಡಮ್ಮ ಎದ್ದೇಬಿಟ್ಟರು. "ಇವತ್ತು ಬೇಡ್ವಂತೆ. ನಡಿ." ಮೆಜೆಸ್ಟಿಕ್‌ನಿಂದ ಬಿಸಿಲಲ್ಲಿ ನಡೆದು ಬಂದಿದ್ದ ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ! ಮುಂದಿನ ಭಾನುವಾರ ಮತ್ತೆ ಹೋದೆವು. ಮೇಕೆ ಒಪ್ಪಿತು. ಎರಡು ಕಟ್ಟು ಸೊಪ್ಪಿಗೆ.

ಮೂರನೆಯ ನಿಯಮವೇ ಎಲ್ಲಕ್ಕಿಂತ ದೊಡ್ಡದು. ಪ್ರತಿ ಮರಿಯ ಎಡಗೆನ್ನೆಗೆ ಒಂದು ಕಾಡಿಗೆ ಬೊಟ್ಟು. ಅದಿಲ್ಲದೆ ಕ್ಲಿಕ್ಕಿಲ್ಲ. "ಊರಿನ ಮಕ್ಕಳೆಲ್ಲ ಬೆರಳಿಟ್ಟು ನೋಡ್ತಾವೆ ಕಣೇ ಈ ಮುಖಾನ. ಇಷ್ಟು ಎಳೇ ಜೀವ, ಅಷ್ಟು ಜನ ನೋಡಿದ್ರೆ ತಡ್ಕೊಳತ್ತಾ?" ಚೀಲದಲ್ಲಿ ಲೆನ್ಸಿನ ಪಕ್ಕದಲ್ಲೇ ಕಾಡಿಗೆ ಡಬ್ಬಿ ಇರುತ್ತಿತ್ತು. ಮಾರ್ಚ್‌ನಲ್ಲಿ ಬಿನ್ನಿಪೇಟೆಯ ಒಂದು ಗೋಡೆಯ ಮರೆಯಲ್ಲಿ ನಾಯಿಮರಿಗಳು ಸಿಕ್ಕವು. ಐದಕ್ಕೆ ಐದೂ ಮಸಿಗಪ್ಪು! ಕಪ್ಪು ಕೆನ್ನೆಗೆ ಕಪ್ಪು ಬೊಟ್ಟಿಟ್ಟು ಏನು ಪ್ರಯೋಜನ? ದೊಡ್ಡಮ್ಮ ಸೋಲುವವರೇ? ನನ್ನನ್ನು ಓಡಿಸಿ ಅಂಗಡಿಯಿಂದ ಅಕ್ಕಿಹಿಟ್ಟು ತರಿಸಿದರು. ಬಿಳಿ ಬೊಟ್ಟು ಇಟ್ಟರು. ಒಂದು ಮರಿ ಇನ್ನೊಂದರ ಬೊಟ್ಟನ್ನು ನೆಕ್ಕಿತು. ಮತ್ತೆ ಇಟ್ಟರು. ಮತ್ತೆ ನೆಕ್ಕಿತು. ನನ್ನ ಪುಸ್ತಕದಲ್ಲಿ ಹೀಗಿದೆ: 'ಮಾರ್ಚ್ 9. ಮರಿ ಐದು. ಇಟ್ಟ ಬೊಟ್ಟು ಮೂವತ್ತೊಂದು. ಹೊಟ್ಟೆಗೆ ಹೋದದ್ದು ಇಪ್ಪತ್ತಾರು.'

ಮೊದಲ ಮೂರು ಫೋಟೋ ತಲುಪಿದ ಮೇಲೆ ಪ್ರಕಾಶನದ ಸಂಪಾದಕಿ ಫೋನ್ ಮಾಡಿದರು. ಪಾಪ, ನನ್ನಷ್ಟೇ ವಯಸ್ಸಿನ ಹುಡುಗಿ.

"ಮೇಡಂ, ಎಲ್ಲಾ ಮರಿಗೂ ಕೆನ್ನೆ ಮೇಲೆ ಏನೋ ಚುಕ್ಕೆ ಕಾಣ್ತಿದೆ. ಲೆನ್ಸಲ್ಲಿ ಧೂಳಿರ್ಬೇಕು. ನಾವೇ ಕಂಪ್ಯೂಟರ್‌ನಲ್ಲಿ ತೆಗೆದ್ಬಿಡ್ತೀವಿ."

"ತೆಗೀರಮ್ಮ, ಧಾರಾಳವಾಗಿ ತೆಗೀರಿ. ನಾಳೆ ಕರುಗೆ ಜ್ವರ ಬಂದ್ರೆ ನಿಮ್ಮ ಆಫೀಸಿಗೆ ಕರ್ಕೊಂಡು ಬರ್ತೀನಿ. ಎರಡನೇ ಮಹಡಿ ಅಲ್ವಾ?"

ಚುಕ್ಕೆಗಳು ಉಳಿದವು.

ಇಷ್ಟೆಲ್ಲ ಆದ ಮೇಲೆ ಕ್ಲಿಕ್ಕು. ಅದಕ್ಕೂ ಒಂದು ಲೆಕ್ಕವಿತ್ತು. ಒಂದು ಮರಿಗೆ ಮೂವತ್ತಾರು ಫೋಟೋ, ರೀಲಿನ ಕಾಲದ ಅಭ್ಯಾಸ. ಈಗಿನ ಕ್ಯಾಮೆರಾದಲ್ಲಿ ಸಾವಿರ ಹಿಡಿಸುತ್ತದೆ ಎಂದರೂ ಮೂವತ್ತಾರಕ್ಕೆ ಸರಿಯಾಗಿ "ರೀಲು ಮುಗೀತು" ಎಂದು ಎದ್ದುಬಿಡುತ್ತಿದ್ದರು. ಫ್ಲಾಶ್ ಹಾಕುವಂತಿಲ್ಲ, ಎಳೇ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಕೊಟ್ಟಿಗೆಯ ಮಬ್ಬಿನಲ್ಲಿ, ಹಳೆಯ ಲೆನ್ಸಿನಲ್ಲಿ, ಉಸಿರು ಬಿಗಿಹಿಡಿದು ಕೈ ಕಲ್ಲಿನಂತೆ ನಿಲ್ಲಿಸಿ ತೆಗೆಯಬೇಕು. ದೊಡ್ಡಮ್ಮನ ಕೈ ನಿಲ್ಲುತ್ತಿತ್ತು. ಸಂಜೆ ಅವರ ಮನೆಯಲ್ಲಿ ಕೂತು ಮೂವತ್ತಾರನ್ನೂ ನೋಡಿ, ಎಷ್ಟು ಸ್ಪಷ್ಟ, ಎಷ್ಟು ಮಸುಕು ಎಂದು ಬರೆದಿಡುವುದು ನನ್ನ ಕೆಲಸ. ಕರುವಿನದು ಮಸುಕು ಮೂರು. ಮೇಕೆಮರಿಯದು ನಾಲ್ಕು. "ಅಲ್ಲಾಡ್ತು ಕಣೇ, ಮರಿ ಅಲ್ವಾ" ಎನ್ನುತ್ತಿದ್ದರು. ನಿಜವೇ.

ಮೇ ತಿಂಗಳ ಮೊಲಕ್ಕೆ ಮಸುಕು ಒಂಬತ್ತು. "ಅಲ್ಲಾಡ್ತು." ಜೂನ್‌ನ ಕೋಳಿಮರಿಗಳಿಗೆ ಹದಿನಾಲ್ಕು. "ಕೋಳಿಮರಿ ಎಲ್ಲಾದ್ರೂ ನಿಲ್ಲತ್ತಾ?" ಜುಲೈನ ಕುರಿಮರಿಗೆ ಹತ್ತೊಂಬತ್ತು. "ಅದರ ಅಮ್ಮನೇ ಅಲ್ಲಾಡಿಸಿದ್ದು." ನಾನು ಪ್ರತಿಯೊಂದನ್ನೂ ಬರೆದುಕೊಂಡೆ, ಪ್ರತಿಯೊಂದಕ್ಕೂ ತಲೆಯಾಡಿಸಿದೆ.

ಆಗಸ್ಟ್ 10. ಹನ್ನೊಂದನೆಯ ಮರಿ. ಗಾಂಧಿಬಜಾರಿನ ಹೂವಿನಂಗಡಿಯಲ್ಲಿ, ಸೇವಂತಿಗೆ ಬುಟ್ಟಿಯೊಳಗೆ ಬೆಕ್ಕು ಮರಿ ಹಾಕಿತ್ತು. ಅಂಗಡಿಯಮ್ಮ ಆ ಬುಟ್ಟಿಯನ್ನು ಹಾಗೇ ಬೆಕ್ಕಿಗೆ ಬಿಟ್ಟುಕೊಟ್ಟಿದ್ದರು. "ಏನ್ ಮಾಡ್ಲಿ ಅಕ್ಕಾ, ಬಾಡಿಗೆ ಕೇಳೋಕಾಗತ್ತಾ ಅದನ್ನ?" ದೊಡ್ಡಮ್ಮ ತಾಯಿಬೆಕ್ಕಿಗೆ ಹಾಲಿಟ್ಟರು, ಕುಶಲ ಕೇಳಿದರು, ಮರಿಯ ಕೆನ್ನೆಗೆ ಬೊಟ್ಟಿಟ್ಟರು, ಮೂವತ್ತಾರು ತೆಗೆದರು. ಮರಿ ಆ ಇಡೀ ಹೊತ್ತು ಗಾಢ ನಿದ್ದೆಯಲ್ಲಿತ್ತು. ಸಂಜೆ ನೋಡಿದೆ. ಮಸುಕು ಮೂವತ್ಮೂರು.

"ಅಲ್ಲಾಡ್ತು" ಎಂದರು ದೊಡ್ಡಮ್ಮ.

"ದೊಡ್ಡಮ್ಮ, ಅದು ನಿದ್ದೆ ಮಾಡ್ತಿತ್ತು."

"ಕನಸು ಬಿದ್ದಿರತ್ತೆ."

ನಾನು ನಕ್ಕೆ. ಅವರೂ ನಕ್ಕರು. ನಕ್ಕು, ನನ್ನ ಕಡೆ ನೋಡದೆ ಎದ್ದು ಒಳಗೆ ಹೋದರು. ನಾನು ಸ್ಪಷ್ಟವಿದ್ದ ಮೂರು ಫೋಟೋಗಳನ್ನು ಮತ್ತೆ ನೋಡಿದೆ. ಫೆಬ್ರವರಿಯಲ್ಲಿ ಕರುವಿನ ಕೆನ್ನೆಯ ಮೇಲಿದ್ದ ಬೊಟ್ಟು ಉದ್ದಿನಕಾಳಿನ ಹಾಗೆ ದುಂಡಗಿತ್ತು. ಕುರಿಮರಿಯದು ಹುಣಸೆಬೀಜದಂತೆ ಎತ್ತಲೋ ಎಳೆದಿತ್ತು. ಬೆಕ್ಕಿನ ಮರಿಯದಕ್ಕೆ ಬಾಲವೇ ಬಂದಿತ್ತು. ಬೊಟ್ಟು ಅಲ್ಲಾಡುವುದಿಲ್ಲವಲ್ಲ!

ಹಿಂದಿನ ಪುಟಗಳನ್ನು ತಿರುವಿದೆ. ಎಲ್ಲವನ್ನೂ ನಾನೇ ಬರೆದಿದ್ದೆ. 'ದೊಡ್ಡಮ್ಮ ಕಾಫಿ ಅರ್ಧ ಲೋಟ ಸಾಕು ಅಂದರು.' ನಾಲ್ಕು ಸಲ. 'ಫ್ಯಾನು ಐದಕ್ಕಿಟ್ಟರೂ ಸೆಕೆ ಅಂದರು.' ಒಂಬತ್ತು ಸಲ. 'ರವಿಕೆ ಬಿಗಿ ಮಾಡಿಸಲು ಟೈಲರ್ ಹತ್ತಿರ ಹೋದರು.' ಎರಡು ಸಲ. ಎಣಿಸಿಡುವುದರಲ್ಲಿ ನನ್ನಂಥವಳಿಲ್ಲ. ಕೂಡಿ ನೋಡುವುದರಲ್ಲಿ ನನ್ನಂಥ ದಡ್ಡಿಯೂ ಇಲ್ಲ.

ಉಳಿದಿದ್ದು ಒಂದೇ ಮರಿ, ಕತ್ತೆಯದು. ಚಾಮರಾಜಪೇಟೆಯ ಬೀದಿಗಳಲ್ಲಿ ಆಗಾಗ ಒಬ್ಬರು ಕತ್ತೆ ಹೊಡೆದುಕೊಂಡು, "ಕತ್ತೆ ಹಾಲೂ" ಎಂದು ಕೂಗುತ್ತಾ ಬರುತ್ತಾರೆ. ಎಳೆಗೂಸಿಗೆ ಒಂದು ಒಳಲೆ ಕುಡಿಸಿದರೆ ಒಳ್ಳೆಯದೆಂದು ನಂಬುವ ಅಜ್ಜಿಯರು ಇನ್ನೂ ಇದ್ದಾರೆ. ತಾಯಿಯ ಹಿಂದೆ ಮರಿಯೂ ಬರುತ್ತದೆ. ಆಗಸ್ಟ್ 24ರ ಬೆಳಿಗ್ಗೆ ಕೂಗು ಕೇಳಿಸಿತು. ದೊಡ್ಡಮ್ಮ ಕಡಲೆ, ಬೆಲ್ಲ ಹಿಡಿದು ಓಡಿದರು. ನಾನು ಚೀಲ ಹಿಡಿದು ಓಡಿದೆ.

"ಹಾಲು ಎಷ್ಟು ಬೇಕಮ್ಮಾ? ಮಗು ಎಲ್ಲಿ?"

"ಮಗು ನಂದಲ್ಲಪ್ಪಾ, ನಿಂದು. ಅದರದ್ದೊಂದು ಫೋಟೋ ಬೇಕು."

ಹಾಲಿನವರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. "ನನ್ ಮದುವೇಲೂ ನಂದೊಂದು ಫೋಟೋ ತೆಗೀಲಿಲ್ಲ ಯಾರೂ. ಈ ಕತ್ತೆ ಪುಣ್ಯ ನೋಡಿ!"

ತಾಯಿಕತ್ತೆ ಬೆಲ್ಲ ತಿಂದು ಒಪ್ಪಿಕೊಂಡಿತು. ದೊಡ್ಡಮ್ಮ ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಮರಿಯ ಕೆನ್ನೆಯ ಹತ್ತಿರ ಕೈ ಒಯ್ದರು. ಬೆರಳು ಕೆನ್ನೆಗೆ ತಾಗಿತು, ಬಾಯಿಯವರೆಗೆ ಜಾರಿತು. ಮರಿಗೆ ಒಂದು ಕಡೆ ಮೀಸೆ ಬಂದ ಹಾಗಾಯಿತು. ಹಾಲಿನವರು ಜೋರಾಗಿ ನಕ್ಕರು. ದೊಡ್ಡಮ್ಮ ನಗಲಿಲ್ಲ. ಸೆರಗಿನಿಂದ ಒರೆಸಿ ಇನ್ನೊಮ್ಮೆ ಇಟ್ಟರು. ಇನ್ನೊಂದು ಮೀಸೆ. ಎದ್ದು ನಿಂತರು. ಕೊರಳಿಂದ ಕ್ಯಾಮೆರಾ ತೆಗೆದು ನನ್ನ ಮುಂದೆ ಹಿಡಿದರು.

"ನೀನೇ ತೆಗಿಯೇ."

ನನಗೆ ಕ್ಯಾಮೆರಾದ ಧೂಳು ಒರೆಸುವ ಅಧಿಕಾರ ಕೂಡ ಇರಲಿಲ್ಲ. ಹಿಂದೊಮ್ಮೆ ಮುಟ್ಟಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು, ಅದಕ್ಕೂ ತಾರೀಖಿದೆ. ಅಂಥ ಕ್ಯಾಮೆರಾ ನನ್ನ ಮುಂದೆ ಗಡಗಡ ಅಲ್ಲಾಡುತ್ತಿತ್ತು.

"ಮರಿ ಅಮ್ಮನ ಹತ್ರ ಮಾತಾಡಿದ್ದು ನೀವು. ಅದು ಒಪ್ಕೊಂಡಿದ್ದು ನಿಮಗೆ. ನಾನು ತೆಗಿಯಲ್ಲ" ಎಂದೆ.

ಕತ್ತೆಗಳು ಹೊರಟುಹೋದವು. ಪುಸ್ತಕದಲ್ಲಿ ಬರೆದೆ: 'ಫೋಟೋ ಸೊನ್ನೆ.'

ಮನೆಯ ಜಗಲಿಯ ಮೇಲೆ ಕೂತು ದೊಡ್ಡಮ್ಮ ಮೊದಲ ಸಲ ಬಾಯಿಬಿಟ್ಟರು. ನನ್ನ ತಾತನಿಗೆ, ಅಂದರೆ ಅವರ ಅಪ್ಪನಿಗೆ, ಕೈನಡುಕದ ಕಾಯಿಲೆ ಇತ್ತು. ಬೆರಳಿಂದ ಶುರುವಾಯಿತಂತೆ. ಕೊನೆಕೊನೆಗೆ ಅಂಗಿಯ ಗುಂಡಿಯನ್ನೂ ದೊಡ್ಡಮ್ಮನೇ ಹಾಕಬೇಕಾಗಿತ್ತಂತೆ. "ನಂಗೂ ಅದೇ ಇರತ್ತೆ. ಮರಿ ಇನ್ನೊಂದೇ ಉಳಿದಿತ್ತು. ಮುಗಿಸಿ ಹೇಳೋಣ ಅಂದ್ಕೊಂಡೆ."

"ಡಾಕ್ಟರ್ ಹೇಳಿದ್ರಾ?"

"ಹೆಸರು ಗೊತ್ತಾದ ಮೇಲೆ ತಾನೇ ಅದು ಕಾಯಿಲೆ? ಅಲ್ಲೀವರೆಗೂ ಬರೀ ಅಲ್ಲಾಡೋದು."

ಮರುದಿನ ರಜೆ ಹಾಕಿ ಬಸವನಗುಡಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ದೊಡ್ಡಮ್ಮ ಒಳಗೆ ಹೋದವರೇ, "ನಂಗೇನೂ ಆಗಿಲ್ಲ, ಇವಳಿಗೇ ಎಣಿಸೋ ಕಾಯಿಲೆ" ಎಂದರು. ಡಾಕ್ಟರಮ್ಮ ಅವರ ಕೈಗಳನ್ನು ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಸಣ್ಣಗೆ ಅದುರಿತು. ನಾಡಿ ನೋಡಿದರು. ಕೊರಳು ಮುಟ್ಟಿ ನೋಡಿದರು.

"ಸೆಕೆ ಜಾಸ್ತಿ ಆಗತ್ತಾ?"

"ಬೆಂಗಳೂರಲ್ಲಿ ಯಾರಿಗೆ ಆಗಲ್ಲ?"

"ಒಂಬತ್ತು ಸಲ" ಎಂದು ನಾನು ಪುಸ್ತಕ ತೆಗೆದೆ.

ಡಾಕ್ಟರಮ್ಮ ಕೈ ಚಾಚಿದರು. ಕರುವಿನಿಂದ ಬೆಕ್ಕಿನವರೆಗೂ ಓದಿದರು. ಅಕ್ಕಿಹಿಟ್ಟಿನ ಪುಟದಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಎರಡು ದಿನ ಕಾಯಬೇಕಾಯಿತು. ಆ ಎರಡು ದಿನದಲ್ಲಿ ದೊಡ್ಡಮ್ಮ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಫಲಿತಾಂಶ ಬಂತಾ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಪ್ರತಿ ದಿನ ಇಪ್ಪತ್ತು ಪ್ರಶ್ನೆ ಕೇಳುವವರು!

ಫಲಿತಾಂಶ ಬಂತು. ಥೈರಾಯ್ಡ್. ಕೊರಳಿನ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ದುಡಿಯುತ್ತಿದೆಯಂತೆ. ಕೈ ನಡುಗುವುದು, ತೂಕ ಇಳಿಯುವುದು, ಸೆಕೆ, ಎದೆ ಹೊಡೆದುಕೊಳ್ಳುವುದು, ಎಲ್ಲ ಅದರದ್ದೇ ಕಾರುಬಾರು.

"ನಿಮ್ಮ ತಂದೆಯವರ ಕಾಯಿಲೆ ಇದಲ್ಲಮ್ಮ. ಆ ನಡುಕವೇ ಬೇರೆ" ಎಂದರು ಡಾಕ್ಟರಮ್ಮ. "ಮಾತ್ರೆ ತಪ್ಪಿಸಬೇಡಿ, ಆಗಾಗ ಬಂದು ತೋರಿಸಿ. ಕೆಲವು ವಾರದಲ್ಲಿ ಕೈ ನಿಲ್ಲತ್ತೆ."

ದೊಡ್ಡಮ್ಮ ತಮ್ಮ ಕೊರಳನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಅವರಿಗೆ ಕೋಪ ಬಂತು. "ಕೊರಳಲ್ಲಿರೋದು ಕೊರಳಲ್ಲಿ ಇರಬೇಕಪ್ಪಾ! ನನ್ನ ಕೈ ವಿಷಯಕ್ಕೆ ಯಾಕೆ ಬರತ್ತೆ? ಎಂಥ ಅಧಿಕಪ್ರಸಂಗಿ!" ಆಸ್ಪತ್ರೆಯ ಮೆಟ್ಟಿಲಿನವರೆಗೂ ಅದನ್ನು ಬೈದರು. ಆಟೋದಲ್ಲೂ ಬೈದರು. ಚಾಮರಾಜಪೇಟೆಯ ತಿರುವಿನಲ್ಲಿ ಒಮ್ಮೆಲೇ ಬೈಗುಳ ನಿಂತಿತು. ತಿರುಗಿ ನೋಡಿದರೆ ದೊಡ್ಡಮ್ಮ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಎಷ್ಟು ದಿನದಿಂದ ನಿದ್ದೆ ಇರಲಿಲ್ಲವೋ! ಅದೊಂದು ನನ್ನ ಪುಸ್ತಕದಲ್ಲಿ ಇರಲಿಲ್ಲ.

ಸೆಪ್ಟೆಂಬರ್ ಮುಗಿಯುತ್ತಾ ಬಂತು. ಸಂಪಾದಕಿಗೆ ವಿಷಯ ತಿಳಿಸಿದೆವು. "ಪರವಾಗಿಲ್ಲ ಮೇಡಂ, ಆರಾಮಾಗಿರಿ. ಬೇಕಿದ್ರೆ ಹನ್ನೊಂದಕ್ಕೇ ಮುಗಿಸೋಣ" ಎಂದರು.

"ಹನ್ನೆರಡು ಅಂತ ಹೆಸರಿಟ್ಟು ಹನ್ನೊಂದು ಕೊಟ್ರೆ, ಈಗ ತಾನೇ ಎಣಿಸೋಕೆ ಕಲೀತಿರೋ ಮಕ್ಕಳ ಗತಿ ಏನಮ್ಮಾ? ಎರಡು ವಾರ ಕೊಡಿ."

ಕೊಟ್ಟರು. ಆ ಎರಡು ವಾರವೂ ನಾನು ದೊಡ್ಡಮ್ಮನ ಮನೆಯಲ್ಲೇ ಉಳಿದು, ದಿನಕ್ಕೆರಡು ಸಲ ಅವರ ಕೈ ಮೇಲೆ ಹಾಳೆ ಇಟ್ಟು ನೋಡಿದೆ. ಹಾಳೆ ದಿನದಿಂದ ದಿನಕ್ಕೆ ಸುಮ್ಮನಾಗುತ್ತಾ ಬಂತು. ಕಾಫಿಯ ಲೋಟ ಅರ್ಧದಿಂದ ಮುಕ್ಕಾಲಿಗೆ ಏರಿತು, ಒಂದು ಬೆಳಿಗ್ಗೆ ನೊರೆ ಸಮೇತ ಪೂರ್ತಿಯಾಯಿತು.

ಅಕ್ಟೋಬರ್ 12, ಬೆಳಿಗ್ಗೆ ಆರು ಐವತ್ತು. "ಕತ್ತೆ ಹಾಲೂ!" ದೊಡ್ಡಮ್ಮ ಹಲ್ಲುಜ್ಜುತ್ತಿದ್ದವರು ಹಾಗೇ ಓಡಿದರು.

"ಮೀಸೆ ಬರೆಯೋ ಅಮ್ಮಾವ್ರು ಬಂದ್ರು ನೋಡು" ಎಂದು ಹಾಲಿನವರು ಕತ್ತೆಗೆ ಹೇಳಿದರು.

ದೊಡ್ಡಮ್ಮ ತಾಯಿಗೆ ಬೆಲ್ಲ ಕೊಟ್ಟು, ಮತ್ತೆ ಮೊದಲಿನಿಂದ ಒಪ್ಪಿಗೆ ಕೇಳಿದರು. ಮರಿ ಅಷ್ಟರಲ್ಲಿ ಒಂದು ಗೇಣು ಬೆಳೆದಿತ್ತು. ಕಿವಿಗಳಂತೂ ಎರಡು ಗೇಣು! ಎರಡೂ ಕಿವಿ ಕಾಣಬೇಕೆಂದು ಅಂದು ಯಾರೂ ಹೇಳಬೇಕಾಗಿರಲಿಲ್ಲ. ಬೇಡವೆಂದರೂ ಕಾಣುತ್ತಿದ್ದವು. ಕಾಡಿಗೆ ಹಚ್ಚಿದ ಬೆರಳು ಮುಂದೆ ಹೋಯಿತು. ಬೆರಳು ಮುಟ್ಟಿತು. ಹಿಂದಕ್ಕೆ ಬಂತು. ಕೆನ್ನೆಯ ಮೇಲೆ ಉದ್ದಿನಕಾಳು ಕೂತಿತ್ತು.

ಮೂವತ್ತಾರು ತೆಗೆದು, "ರೀಲು ಮುಗೀತು" ಎಂದು ಎದ್ದರು. ಹಾಲಿನವರಿಗೂ ಒಂದು ತೆಗೆದರು, ಗದ್ದ ಕೆಳಗೆ ಮಾಡಿಸಿ. ಅಲ್ಲೇ ಜಗಲಿಯ ಮೇಲೆ ಕೂತು ನಾನು ಎಣಿಸಿದೆ. ಮಸುಕು ಎರಡು.

"ಅಲ್ಲಾಡ್ತು ಕಣೇ" ಎಂದರು ದೊಡ್ಡಮ್ಮ.

ಈ ಸಲ ನಿಜವಾಗಿಯೂ ಮರಿಯೇ ಅಲ್ಲಾಡಿತ್ತು. ತಲೆ ತಗ್ಗಿಸಿ ಪುಸ್ತಕದಲ್ಲಿ ಬರೆಯತೊಡಗಿದೆ. ಪೆನ್ನು ಗೆರೆಯ ಮೇಲೆ ನಿಲ್ಲಲಿಲ್ಲ. ದೊಡ್ಡಮ್ಮ ಬಗ್ಗಿ ನನ್ನ ಅಕ್ಷರ ನೋಡಿದರು. ನನ್ನ ಗದ್ದ ಹಿಡಿದು ಮೇಲಕ್ಕೆತ್ತಿ, ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದರು, ಎರಡೂ ಕಡೆ. ಬೆರಳಲ್ಲಿ ಉಳಿದಿದ್ದ ಕಾಡಿಗೆಯನ್ನು ನನ್ನ ಎಡಗೆನ್ನೆಗೆ ಒತ್ತಿದರು.

ಅದನ್ನು ಒರೆಸದೆ ಮೆಟ್ರೋ ಹತ್ತಿ ಮನೆಗೆ ಹೋದೆ. ನಿಂತಿದ್ದವರು, ಕೂತಿದ್ದವರು ಸೇರಿ ಹದಿನೇಳು ಜನ ನನ್ನ ಮುಖ ನೋಡಿದರು. ಮನೆಗೆ ಹೋದವಳೇ ಕನ್ನಡಿಯ ಮುಂದೆ ನಿಂತೆ, ಆಮೇಲೆ ಆ ದಿನದ ಪುಟದ ಕೊನೆಯ ಸಾಲು ಬರೆದೆ.

'ಬೊಟ್ಟು ಒಂದು. ದುಂಡಗಿದೆ.'